ಎಡಪಾದದ ಕೀಲು

“ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಎರಡೂ ಕಣ್ಣು ಹೋಗ್ಲಿ,” ಎಂದ ಬಣ್ಣದ ಮಾಮ, ಶವಪೆಟ್ಟಿಗೆಯ ಮುಚ್ಚಳವನ್ನು ಮೆಟ್ಟಿಲ ಮೇಲೆ ಅಡ್ಡಡ್ಡ ಎಳೆಯುತ್ತಾ. “ಒಂದ್ಸಲ ಕೀಲಪ್ಪ ಒಂದು ಬೊಂಬೆ ಕೈಗೆತ್ಕೊಂಡ. ಕಣ್ಮುಚ್ಚಿ ಮೊಣಕಾಲು ಮಡಿಸ್ದ. ‘ಇದನ್ನ ಮಾಡಿದವನಿಗೆ ಬಲಗಡೆ ದವಡೆ ಹಲ್ಲು ನೋವಿದೆ’ ಅಂದ. ವಿಚಾರಿಸಿದ್ರೆ, ಆ ಮನುಷ್ಯ ಅವತ್ತು ಬೆಳಿಗ್ಗೆ ತಾನೇ ಹಲ್ಲು ಕೀಳಿಸ್ಕೊಂಡು ಬಂದಿದ್ದ!”

“ಸಾರ್, ಮೆಟ್ಲು ನೋಡಿ,” ಎಂದ, ಇನ್ನೊಂದು ತುದಿ ಹಿಡಿದಿದ್ದ ಪೆಟ್ಟಿಗೆಯವನು.

ಮೆಟ್ಟಿಲ ತಿರುವಿನಲ್ಲಿ ಸತ್ತ ಕೀಲಪ್ಪನ ಮಗಳು ಕೂತಿದ್ದಳು. ಎದ್ದು ದಾರಿ ಬಿಡುವ ಲಕ್ಷಣ ಕಾಣಲಿಲ್ಲ. ಪೆಟ್ಟಿಗೆಯವನು ಮುಚ್ಚಳವನ್ನು ಗೋಡೆಗೆ ಒರಗಿಸಿ, ಅವಳ ಪಕ್ಕದಲ್ಲೇ ತೂರಿಕೊಂಡು ಮೇಲೆ ಹೋದ.

ಕೀಲಪ್ಪ ಮೂವತ್ತೊಂದು ವರ್ಷ ಆಟಿಕೆ ಕಾರ್ಖಾನೆಯಲ್ಲಿ ಕೀಲುಬೊಂಬೆಗಳ, ಅಂದರೆ ಆಕ್ಷನ್ ಫಿಗರ್‌ಗಳ ಕೈಕಾಲು ತಿರುಗಿಸಿ ನೋಡಿದವನು. ವರ್ಷಕ್ಕೊಮ್ಮೆ ಬೊಂಬೆ ಸಂಗ್ರಾಹಕರ ಸ್ಪರ್ಧೆ ನಡೆದಾಗ ಕೀಲುಗಳಿಗೆ ಅಂಕ ಕೊಡುವವನೂ ಅವನೇ. ಬಣ್ಣಕ್ಕೆ ಅಂಕ ಕೊಡುತ್ತಿದ್ದವನು ಬಣ್ಣದ ಮಾಮ. ಮಾತಿಗೂ ಎರಡು ಕೋಟು ಬಳಿಯದೆ ಆಚೆ ಬಿಟ್ಟವನಲ್ಲ.

ಮೇಲಿನ ಕೋಣೆಯಲ್ಲಿ ಸಂಗ್ರಾಹಕರು ಪೆಟ್ಟಿಗೆಯ ಸುತ್ತ ಕೈಕಟ್ಟಿ ನಿಂತಿದ್ದರು. ಅಭ್ಯಾಸಬಲ, ಒಬ್ಬ ಪಿಸುಗುಟ್ಟಿದ: “ಭುಜ ಸಹಜವಾಗಿದೆ. ಕತ್ತು ಮಾತ್ರ ಸ್ವಲ್ಪ ಬಿಗಿ.”

“ಶ್! ತೀರ್ಕೊಂಡಿದಾರೆ ಕಣ್ರೀ.”

“ಅದಕ್ಕೇ ಹೇಳ್ದೆ. ಬದುಕಿದ್ದಿದ್ರೆ ಈ ಕತ್ತು ಅವರೇ ಒಪ್ತಿರ್ಲಿಲ್ಲ.”

ತಾಯಿ ಬಾಗಿಲಿಗೆ ಬಂದು ಮಗಳತ್ತ ಬಗ್ಗಿದಳು. “ಒಳಗೆ ಬಾರೇ. ಹನ್ನೊಂದಕ್ಕೆ ಮುಚ್ಚಿಬಿಡ್ತಾರಂತೆ. ಆಮೇಲೆ ನೋಡ್ತೀನಿ ಅಂದ್ರೂ ಮುಖ ಸಿಗಲ್ಲ.”

“ಬರ್ತೀನಮ್ಮ, ನೀನು ನಡಿ.”

ಅವಳು ಬರಲಿಲ್ಲ. ಒಂಬತ್ತು ವರ್ಷಗಳಿಂದ ಅಪ್ಪ ಮಗಳ ಮಾತು ‘ಊಟ ಆಯ್ತಾ’, ‘ಆಯ್ತು’ ಎನ್ನುವಲ್ಲಿಗೆ ನಿಂತಿತ್ತು. ಒಂಬತ್ತು ವರ್ಷದ ಹಿಂದೆ ಅವಳೂ ಒಂದು ಬೊಂಬೆ ಮಾಡಿ, ಮನೆಯಲ್ಲಿ ಯಾರಿಗೂ ಹೇಳದೆ ಸ್ಪರ್ಧೆಗೆ ಕಳಿಸಿದ್ದಳು. ಕೀಲಿಗೆ ಹತ್ತರಲ್ಲಿ ನಾಲ್ಕು ಬಂತು. ಅವಳು ಉಳಿ, ಅರ, ಅಚ್ಚು ಎಲ್ಲವನ್ನೂ ಯಾರಿಗೋ ಕೊಟ್ಟು, ಕನ್ನಡಕದ ಅಂಗಡಿಯಲ್ಲಿ ತಿರುಪು ಬಿಗಿಮಾಡುವ ಕೆಲಸಕ್ಕೆ ಸೇರಿದಳು.

“ಮಾಮ, ಒಂದು ಕೇಳ್ತೀನಿ. ಇವತ್ತೊಂದು ದಿನ ನಿಜ ಹೇಳಿ.”

“ನಾನು ಯಾವತ್ತು ಸುಳ್ಳು—”

“ನಾನು ಕಳ್ಸಿದಾಗ ನನ್ನ ಬೊಂಬೆಯ ಎಡಪಾದದ ಕೀಲು ಬಿಗಿಯಾಗಿತ್ತು. ವಾಪಸ್ ಬಂದಾಗ ಲೊಡಲೊಡ ಅಂತಿತ್ತು. ನನ್ನ ಕೆಲಸ ಅಂತ ಗುರುತು ಹಿಡಿದು, ಮಗಳಿಗೆ ಬಹುಮಾನ ಕೊಟ್ಟ ಅಂತ ನಾಲ್ಕು ಜನ ಆಡ್ಕೋತಾರೆ ಅಂತ ಅಪ್ಪ ಬೇಕಂತಲೇ ಸಡಿಲ ಮಾಡಿದ್ನಾ? ಅದು ಗೊತ್ತಾಗದೆ ನಾನು ಆ ಮುಖ ನೋಡಲ್ಲ.”

ಬಣ್ಣದ ಮಾಮ ಮೆಲ್ಲಗೆ ಅವಳ ಕೆಳಗಿನ ಮೆಟ್ಟಿಲ ಮೇಲೆ ಕೂತು ಹೇಳತೊಡಗಿದ.

*

ಸ್ಪರ್ಧೆಯ ಮೇಜಿನ ಮೇಲೆ ಬೊಂಬೆಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಹದಿನೇಳನೆಯದು ಬೆಂಕಿ ಆರಿಸುವ ದಳದ ಹೆಂಗಸು. ಗೇಣುದ್ದ, ಇಪ್ಪತ್ತೆಂಟು ಕೀಲು, ಜೊತೆಗೊಂದು ಏಣಿ.

ಕೀಲಪ್ಪನದು ಒಂದೇ ಕ್ರಮ: ಬೊಂಬೆಯನ್ನು ಕಿವಿಯ ಹತ್ತಿರ ಹಿಡಿಯುವುದು, ಕಣ್ಣು ಮುಚ್ಚುವುದು, ಒಂದೊಂದು ಕೀಲನ್ನೂ ಮೂವತ್ತು ಸಲ ಮಡಿಸುವುದು. ಅವತ್ತು ಬೊಂಬೆ ಒಂಟಿ ತುದಿಗಾಲಲ್ಲಿ ಏಣಿಯ ಮೇಲೆ ನಿಂತಿತು. ಆಮೇಲೆ ಕೀಲುಗಳ ಸರದಿ. ಕೊನೆಗೆ ಎಡಪಾದ ಬಂತು. ಮೂವತ್ತಾಯಿತು. ಬೆರಳು ನಿಲ್ಲಲಿಲ್ಲ. ಬಣ್ಣದ ಮಾಮನಿಗೆ ಬೇರೆ ಕೆಲಸವಿರಲಿಲ್ಲ, ಎಣಿಸುತ್ತಾ ಕೂತ. ಮೂರನೆಯ ತೀರ್ಪುಗಾರ ಟೀ ಕುಡಿದು ಬಂದರೂ ಕೀಲಪ್ಪ ಮಡಿಸುತ್ತಲೇ ಇದ್ದ, ಮಗುವಿನ ಕಾಲು ನೀವುವವನ ಹಾಗೆ.

“ಏನಯ್ಯಾ ಅದರಲ್ಲಿ ಅಂಥಾದ್ದು?”

“ಕೇಳು,” ಎಂದ ಕೀಲಪ್ಪ ಕಣ್ಣು ಬಿಡದೆ. “ಭಾರ ಹೆಬ್ಬೆರಳಿಗೆ ಬಿದ್ದ ಮೇಲೇ ಹಿಮ್ಮಡಿ ಏಳುತ್ತೆ. ಕಾರ್ಖಾನೆಯಲ್ಲಿ ಇಷ್ಟು ವರ್ಷ ಇದನ್ನೇ ಹೇಳ್ದೆ, ಒಬ್ಬರಿಗೂ ತಲೆಗೆ ಹೋಗ್ಲಿಲ್ಲ. ಇದು ಯಾರು ಮಾಡಿದ್ದೋ, ಅವರಿಗೆ ಯಾರೂ ಹೇಳ್ಬೇಕಾಗಿಲ್ಲ.”

ಸಾಕೆನಿಸಿದಾಗ ಅದನ್ನು ಮತ್ತೆ ಏಣಿಯ ಮೇಲೆ ನಿಲ್ಲಿಸಿದ. ಜಾರಿ ಬಿತ್ತು. ಇನ್ನೊಮ್ಮೆ ನಿಲ್ಲಿಸಿದ. ಬಿತ್ತು. ಕೈಯಲ್ಲಿ ಎರೆದ ಅಚ್ಚಿನ ಕೀಲು, ಕಾರ್ಖಾನೆಯದರಷ್ಟು ಗಟ್ಟಿಯಲ್ಲ. ಸವೆದಿತ್ತು. ಕೀಲಪ್ಪ ಬಹಳ ಹೊತ್ತು ನೋಡಿ, ಹಾಳೆಯಲ್ಲಿ ನಾಲ್ಕು ಎಂದು ಬರೆದ.

“ಲೋ, ಸವೆಸಿದ್ದು ನೀನೇ!”

“ಹೌದು. ಮೂವತ್ತಕ್ಕೆ ನಿಲ್ಲಿಸ್ಬೇಕಿತ್ತು, ಮೈಮರೆತೆ. ಆದ್ರೆ ಈಗ ಮುಂದಿರೋದು ನಿಲ್ಲಲ್ಲ. ಎದುರಿಗಿರೋದಕ್ಕೆ ತಾನೇ ಅಂಕ ಕೊಡೋದು.”

ಫಲಿತಾಂಶದ ಮೇಲೆ ಲಕೋಟೆಗಳನ್ನು ಒಡೆದರು. ಹದಿನೇಳನೆಯ ಚೀಟಿಯಲ್ಲಿದ್ದ ಹೆಸರನ್ನು ಕೀಲಪ್ಪ ಎರಡು ಸಲ ಓದಿದ. ಚೀಟಿಯನ್ನು ಮಡಿಸದೆ ಹಾಗೇ ಜೇಬಿಗೆ ಹಾಕಿಕೊಂಡ.

*

“ಮುಂದಿನ ವರ್ಷದಿಂದ ನನ್ನನ್ನ ಪಕ್ಕದಲ್ಲೇ ಕೂರಿಸ್ಕೊಂಡ,” ಎಂದ ಬಣ್ಣದ ಮಾಮ. “ನೀನು ಜೋರಾಗಿ ಎಣಿಸು, ಮೂವತ್ತು ಆದ ಕೂಡ್ಲೆ ಕೈ ಹಿಡ್ಕೋ ಅಂದ. ಹೋದ ಸಲದವರೆಗೂ ಹಿಡ್ಕೊಂಡಿದೀನಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ಈಗ ಹೇಳಿದ್ರೆ ಮಗಳ ಸಮಾಧಾನಕ್ಕೆ ಕಟ್ಟಿದ ಕತೆ ಆಗುತ್ತೆ ಅಂದ. ನಾನಾದ್ರೂ ಹೇಳೋಣ ಅಂದ್ರೆ...” ಅವನು ಮುಚ್ಚಳದ ಅಂಚನ್ನು ಉಗುರಿನಿಂದ ಕೆರೆದ. “ನನ್ನ ಮಾತು ಯಾರು ನಂಬ್ತಾರಮ್ಮ?”

“ಎಷ್ಟು ಸಲ ಮಡಿಸ್ದ?”

“ಮುನ್ನೂರ ಹನ್ನೆರಡು.”

ಅವಳು ಅವನ ಮುಖವನ್ನೇ ನೋಡಿದಳು. ಬಣ್ಣದ ಮಾಮನ ಸುಳ್ಳುಗಳನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅವುಗಳಲ್ಲಿನ ಲೆಕ್ಕ ಹತ್ತು ಸಾವಿರಕ್ಕಿಂತ ಕೆಳಗೆ ಇಳಿದದ್ದಿಲ್ಲ.

“ಆಮೇಲೆ ಕೇಳು,” ಎಂದು ಬಣ್ಣದ ಮಾಮ ಗಂಟಲು ಸರಿಮಾಡಿಕೊಂಡ. “ಆ ಲಕೋಟೆ ಒಡೆದ್ರು ನೋಡು, ಸಭಾಂಗಣದಲ್ಲಿದ್ದ ಹನ್ನೆರಡು ಸಾವಿರ ಬೊಂಬೆನೂ ಒಟ್ಟಿಗೆ ನಿನ್ನಪ್ಪನ ಕಡೆ ಕತ್ತು ತಿರುಗ್ಸಿ, ನನ್ನಾಣೆಗೂ ಹೇಳ್ತೀನಿ, ಅದರಲ್ಲೊಂದು ಕುದುರೆ ಸವಾರ ಕೆಳಗಿಳಿದು ಬಂದು—”

ಅವಳು ಎದ್ದು ಮೆಟ್ಟಿಲೇರಿ ಹೋಗಿಯಾಗಿತ್ತು.

ಒಳಗೆ ಪೆಟ್ಟಿಗೆಯವನು ಕೀಲಪ್ಪನ ಪಾದಗಳನ್ನು ಜೋಡಿಸುತ್ತಿದ್ದ. ಒಂದು ನಿಲ್ಲುತ್ತಿತ್ತು, ಇನ್ನೊಂದು ಕೈ ಬಿಟ್ಟ ಕೂಡಲೇ ಪಕ್ಕಕ್ಕೆ ವಾಲುತ್ತಿತ್ತು. ಮತ್ತೆ ನೆಟ್ಟಗೆ ಮಾಡಿದ. ವಾಲಿತು.

“ಬಿಡಿ,” ಎಂದಳು ಮಗಳು. “ನಾನು ಹಿಡ್ಕೋತೀನಿ.”

ಅಪ್ಪನ ಮುಖವನ್ನು ಒಮ್ಮೆ ನೋಡಿದಳು. ಮೊಣಕಾಲೂರಿ, ಹಿಮ್ಮಡಿಯ ಕೆಳಗೊಂದು ಅಂಗೈ, ಹೆಬ್ಬೆರಳಿನ ಮೇಲೊಂದು ಅಂಗೈ ಇಟ್ಟಳು. ಪಾದ ನೇರವಾಗಿ ನಿಂತಿತು. ಮುಚ್ಚಳ ಬರುವವರೆಗೂ ಅವಳು ಅದನ್ನು ಒಂದೇ ಒಂದು ಸಲವೂ ಮಡಿಸಲಿಲ್ಲ.