ಕೊಲೆಗಾರನ್ನ ಬದಲು ಮಾಡಿದಾಕಿ

ಎಂಬತ್ತೇಳರ ಸುಗ್ಗಿ. ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನ್ಯಾಗ ಗಾಳಿ ಆಡೋ ಜಾಗ ಅಂದ್ರ ಬಾಗಿಲ ಕಡೆ ಒಂದ. ಅದು ಅಕ್ಬರಬಿ ಜಾಗ. ಯಾಕಂದ್ರ ಆಕಿ ಓದಾಕಿ. ಉಳಿದ ಹೆಂಗಸರು ಒಳಗ ಕುಂತು ಕಾಯಿ ತೊಟ್ಟು ಮುರೀತಿದ್ರ, ಈಕಿ ಪತ್ತೇದಾರ ವಿಶ್ವಂಭರನ ಕತಿ ದನಿ ತಗದು ಓದತಿದ್ದಳು. ಆಕಿ ಪಾಲಿನ ಕಾಯಿ ಉಳಿದವರು ಹಂಚಿಕೊಂಡು ಮುರದು ಕೊಡೋದು ಅಲ್ಲಿಯ ಪದ್ಧತಿ. ಘಾಟು ಎದಿಗೆ ಹೊಕ್ಕರ ಅಕ್ಬರಬಿಗೆ ಉಸಿರ ಸಿಗತಿದ್ದಿಲ್ಲ. ಓದೂದು ನಿಂತ್ರ ತನ್ನ ಗತಿ ಮುಗೀತು ಅನ್ನೋದು ಆಕಿಗೆ ಚೊಲೋ ಗೊತ್ತಿತ್ತು.

ಆ ಪುಸ್ತಕ ಹತ್ತು ಹನ್ನೆರಡು ವರ್ಷದಿಂದ ಬರಾಕತ್ತಿದ್ವು. ತಮ್ಮ ಮೌಲಾಸಾಬ ಹಾವೇರಿ ಸ್ಟ್ಯಾಂಡಿನ ಹತ್ತಿರ ಬಾಡಿಗಿ ಪುಸ್ತಕದ ಅಂಗಡಿಯಿಂದ ತಂದು ಕೊಡತಿದ್ದ. ಮೊದಮೊದಲಿನವು ಏನ್ ಪುಸ್ತಕರಿ ಅವು! ಕೊಲೆಗಾರ ಸಿಗೂತನಕ ಕೈಯಾಗಿನ ಕಾಯಿ ಕೈಯಾಗ ಉಳೀತಿತ್ತು. ಬರಬರತ ರಾಯರ ಕುದರಿ ಕತ್ತಿ ಆತು. ಅದ ಸಿಗರೇಟಿನ ತುಂಡು, ಅದ ಕರೀ ಕಾರು. ಪತ್ತೇದಾರಗ ವಯಸ್ಸಾತು, ತಲಿ ಓಡವಲ್ದು ಅಂದಳು ಒಬ್ಬಾಕಿ. ಕೊಲ್ಲಾಕಿ ಯಾವಾಗಲೂ ಎರಡನೇ ಹೆಂಡತೀನ ಯಾಕ ಆಗಬೇಕು ಅಂದಳು ಇನ್ನೊಬ್ಬಾಕಿ. ದೇವವ್ವನ ಮಾತು ಮಾತ್ರ ನೆಟ್ಟಗ ಬಂದು ಬಡೀತು: ಇಂಥಾ ಸಪ್ಪನ ಕತಿಗೆ ಈಕಿ ಪಾಲಿನ ಕಾಯಿ ನಾವ್ಯಾಕ ಮುರೀಬೇಕು?

ಅಕ್ಬರಬಿ ಹೆದರಿದಳು. ಹೆದರಿ ಏನ್ ಮಾಡಿದಳಂದ್ರ, ಕಣ್ಣು ಪುಟದ ಮ್ಯಾಲ ಇಟ್ಟು, ಬಾಯಿಲೆ ತನ್ನ ಕತಿ ಹೇಳಾಕ ಹತ್ತಿದಳು. ಹೊಸಾ ಪುಸ್ತಕದಾಗ ಕೊಲೆ ಮಾಡಿದಾಕಿ ಮತ್ತ ಎರಡನೇ ಹೆಂಡತಿ. ಅಕ್ಬರಬಿ ಬಾಯಾಗ ಮಾಡಿದಾಂವ ತೂಕದಾಗ ಮೋಸ ಮಾಡೋ ದಲಾಲ. ಅವನ್ನ ವಿಶ್ವಂಭರ ಪ್ಯಾಟಿ ನಡುವ ಕೊಳ್ಳಪಟ್ಟಿ ಹಿಡದು ಎಳಕೊಂಡು ಹೋದ. ಗೋದಾಮಿಗೆ ಗೋದಾಮ ನಕ್ಕಿತು. ಬರದಾಂವಗ ಮತ್ತ ಬುದ್ಧಿ ಬಂತು ನೋಡ್ರಿ ಅಂತ ದೇವವ್ವ ಕಣ್ಣಾಗ ನೀರು ಬರೂತನಕ ನಕ್ಕಳು. ಅಕ್ಬರಬಿ ಪಾಲಿನ ಕಾಯಿ ಅವತ್ತು ಎಲ್ಲಾರಕಿಂತ ಮೊದಲು ಮುಗದ್ವು.

ಕತಿ ಅಷ್ಟು ಹಿಡಸಿದ್ದಕ್ಕ ದೇವವ್ವ ಮನಿಗೆ ಹೋಗಿ ಸೊಸಿ ಪ್ರೇಮವ್ವನ ಮುಂದ ಎಲ್ಲಾ ಹೇಳಿದಳು. ಸೊಸಿ ಏಳನೇತ್ತ ಪಾಸು. ರಾಣೆಬೆನ್ನೂರಿನ ತವರಾಗ ಅದ ಪುಸ್ತಕ ಓದಿ ಬಂದಿದ್ದಳು. ಅದರಾಗ ದಲಾಲ ಅನ್ನಾಂವನ ಇಲ್ಲಲ್ರಿ ಅತ್ತಿ, ಅಂದಳು.

ಮರುದಿನ ಮುಂಜಾನೆ ದೇವವ್ವ ಸೊಸೀನ್ನ ಕರಕೊಂಡು ಬಂದಳು. ಅಕ್ಬರಬಿ ಕೈಯಾಗಿನ ಪುಸ್ತಕ ಕಸಕೊಂಡು, ಎಲ್ಲಾರ ಮುಂದ ಸೊಸಿ ಕಡೆಯಿಂದ ಕಡೀ ಪುಟ ಓದಿಸಿದಳು.

"ನಿಮಗ ಚೊಲೋ ಅನಸಲಿ ಅಂತ ಹೇಳಿದ್ನಿ ಯಕ್ಕಾ," ಅಂದಳು ಅಕ್ಬರಬಿ.

"ಇಷ್ಟು ವರ್ಷ ನಮ್ಮ ಕೈ ಉರಿಸಿಕೊಂಡು ನಿನ್ನ ಸಾಕೀವಿ. ನೀ ಉಂಡ ಮನಿ ಗಳಾ ಎಣಿಸಿದಿ," ಅಂದಳು ದೇವವ್ವ.

ನಿನ್ನೆ ಹೊಟ್ಟಿ ಹಿಡಕೊಂಡು ನಕ್ಕವರ ಇವತ್ತು ಮುಂದ ಬಿದ್ದು ಬೈದರು. ಜನ ಅಂದ್ರ ಹಿಂಗ, ನಗಿಸಿದ್ದನ್ನ ನೆನಪಿಡೂದಿಲ್ಲ. ಓದೂದು ಬ್ಯಾಡ, ನನ್ನ ಕಾಯಿ ನಾನ ಮುರೀತೀನಿ, ಇಲ್ಲೇ ಬಾಗಿಲದಾಗರ ಕುಂದರಸ್ರಿ ಅಂತ ಅಕ್ಬರಬಿ ಕೈ ಮುಗದಳು. ಅದು ಓದಾಕಿ ಜಾಗ ಅಂದಳು ದೇವವ್ವ. ಅಲ್ಲಿ ಪ್ರೇಮವ್ವ ಕುಂತಳು.

ಪ್ರೇಮವ್ವ ಬರದದ್ದನ್ನ ಬರದಂಗ ಓದಿದಳು. ಅದ ಸಿಗರೇಟು, ಅದ ಕಾರು, ಅದ ಎರಡನೇ ಹೆಂಡತಿ. ಮೂರು ದಿನದಾಗ ಹೆಂಗಸರು ಆಕಳಸಾಕ ಹತ್ತಿದರು. ಒಳಗ ಅಕ್ಬರಬಿ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮತಿದ್ದಳು, ಕಾಯಿ ಮುರೀತಿದ್ದಳು. ದಲಾಲನ ಕತೀನ ಚೊಲೋ ಇತ್ತು ಅಂತ ಮೂಲ್ಯಾಗಿಂದ ಯಾರೋ ಸಣ್ಣಗ ಅಂದರು. ಪ್ರೇಮವ್ವ ಓದೂದು ನಿಲ್ಲಿಸಿ ಅತ್ತಿ ಮಾರಿ ನೋಡಿದಳು.

"ಕತಿ ಚೊಲೋನ ಐತಿ," ಅಂದಳು ದೇವವ್ವ. "ಈಕಿ ಕೆಮ್ಮಿನ್ಯಾಗ ನಮಗ ಕೇಳಸವಲ್ದು. ಅಕ್ಬರಬಿ, ಇನ್ನಷ್ಟು ಒಳಗ ಸರಿ."

ಅಕ್ಬರಬಿ ತನ್ನ ಬುಟ್ಟಿ ತಗೊಂಡು ಚೀಲದ ಹಿಂದ ಸರದು ಕುಂತಳು.