ಡೆಟಾಲಿನ್ಯಾಗ ನೆನೆದ ಸಿಪಾಯಿಗಳು

ಧಾರವಾಡ ಸಪ್ತಾಪುರದ ಬಾಳಕೃಷ್ಣ ಮಾಸ್ತರು ಸಾಲ್ಯಾಗ ಚಿತ್ರಕಲಾ ಕಲಿಸಿ ರಿಟಾಯರ್ ಆದವರು. ಕೈ ನಡಗಲಿಕ್ಕೆ ಹತ್ತಿದ ಮ್ಯಾಲೆ ಕುಂಚ ಮುಟ್ಟೂದು ಬಿಟ್ಟಿದ್ರು. ಚಹಾ ಹಿಡಿದ್ರ ಅರ್ಧ ಬಶಿಯೊಳಗ, ಅರ್ಧ ಧೋತರದ ಮ್ಯಾಲೆ. ಹಂಥಾವ್ರ ಕೈಗೆ ಮತ್ತ ಕುಂಚ ಕೊಟ್ಟಾಕಿ ಮಗಳು, ಇಂದು ಅನ್ನಾಕಿ. ಆ ಪುಣ್ಯಾನೂ ಆಕೀದ, ಮುಂದಿನ ಪಾಪಾನೂ ಆಕೀದ.

ಇಂದು ಕಾಲೇಜಿನ್ಯಾಗ ಇತಿಹಾಸ ಕಲಿಸ್ತಿದ್ಲು. ನಲವತ್ತು ದಾಟಿದಾಕಿಗೆ ಒಂದು ಹುಚ್ಚು, ಬೆರಳಿನ ತುದಿಯಷ್ಟು ಪ್ಲಾಸ್ಟಿಕ್ ಸಿಪಾಯಿಗಳಿಗೆ ಬಣ್ಣಾ ಬಳಿಯೂದು. ಹುಬ್ಬಳ್ಳಿಯ ದೇಶಪಾಂಡೆ ನಗರದಾಗ ವಿನೀತ ಅನ್ನಾಂವನ ಮನಿ ಮಾಳಿಗಿ ಮ್ಯಾಲೆ ಇಂಥಾ ಹುಚ್ಚರದ ಒಂದು ಕ್ಲಬ್ ಇತ್ತು. ಭಾನುವಾರ ಮೇಜಿನ ಮ್ಯಾಲೆ ಗುಡ್ಡಾ, ಹಳ್ಳಾ ಮಾಡಿ, ಸಿಪಾಯಿಗಳನ್ನ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡ್ತಿದ್ರು. ಆಡ್ಲಿ ಬಿಡ್ರಿ, ಯಾರ ಗಂಟು ಹೋಗೂದದ?

ಒಂದಿನಾ ಆಕಿ ಸಿಪಾಯಿಯ ಅಂಗಿ ಮ್ಯಾಲೆ ಹಸರು, ಕಂದು, ಕರಿ ಮಚ್ಚಿ ಹಾಕೂದನ್ನ ಮಾಸ್ತರು ನೋಡಿದ್ರು.

"ಯಾಕ ತಂಗಿ, ಇಷ್ಟ್ಯಾಕ ಸೊಟ್ಟ ಬಳೀಲಿಕ್ಕೆ ಹತ್ತೀದಿ?"

"ಸೊಟ್ಟ ಇದ್ರನ ಛಲೋ ಅಪ್ಪಾ. ಗೆರಿ ನೀಟಾಗಿದ್ರ ಸಿಪಾಯಿ ವೈರಿ ಕಣ್ಣಿಗೆ ಬೀಳ್ತಾನ."

ಮಾಸ್ತರು ತಮ್ಮ ನಡಗೂ ಕೈ ನೋಡಿಕೊಂಡ್ರು. ಆಮ್ಯಾಲೆ ಹೋ ಅಂತ ನಕ್ರು. "ಹಂಗಾರ ಈ ಕೆಲಸಕ್ಕ ನನ್ನಷ್ಟು ಲಾಯಕ ಮನಶ್ಯಾ ಇಡೀ ಧಾರವಾಡದಾಗ ಇಲ್ಲ. ತಾ ಇಲ್ಲೆ!"

ಆವತ್ತಿನಿಂದ ಮಾಸ್ತರ ಕಳಾನ ಬ್ಯಾರೆ. ಊಟಾ ಸೇರಲಿಕ್ಕೆ ಹತ್ತಿತು, ಬಾಯಾಗ ಗುಣುಗುಣು ಹಾಡು ಬಂತು. ಒಂದು ತುಕಡಿ ಸಿಪಾಯಿಗಳನ್ನ ಅವರ ಒಬ್ರ ಬಳಿದು ಮುಗಿಸಿದ್ರು. ಹಾಲಿನಾಂವ ಬಂದ್ರೂ ತೋರಿಸಿದ್ದ ತೋರಿಸಿದ್ದು.

ಆದ್ರ ಕ್ಲಬ್ಬಿನ್ಯಾಗ ಬರೂ ಭಾನುವಾರ ಸ್ಪರ್ಧಾ ಇತ್ತು, ಬೆಳಗಾವಿಯಿಂದನೂ ಮಂದಿ ಬರೋರಿದ್ರು. ತಮ್ಮ ತುಕಡೀನೂ ಅಲ್ಲಿ ಇಡು ಅಂತ ಮಾಸ್ತರು ಗಂಟು ಬಿದ್ದಿದ್ರು. ಇಂದು ಅಪ್ಪನ ಸಿಪಾಯಿಗಳನ್ನ ದೀಪಕ್ಕ ಹಿಡಿದು ನೋಡಿದ್ಲು. ಮಚ್ಚಿ ಮಾರಿ ಮ್ಯಾಲೆಲ್ಲಾ ಹರಿದಿತ್ತು, ಒಬ್ಬಾಂವಗ ಕಣ್ಣ ಇದ್ದಿಲ್ಲ. ಇವನ್ನ ಒಯ್ದು ಇಟ್ರ ಮಂದಿ ನಗಂಗಿಲ್ಲೇನು? ಹಂಗಂತ ಅಪ್ಪಗ ಬ್ಯಾಡ ಅನ್ನೂ ಧೈರ್ಯನೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು.

ಮಧ್ಯಾಹ್ನ ಮಾಸ್ತರು ಮಲಗಿದಾಗ ಆಕಿ ಎಲ್ಲಾ ಸಿಪಾಯಿಗಳನ್ನ ಒಂದು ಬಟ್ಟಲದಾಗ ಹಾಕಿ ಮ್ಯಾಲೆ ಡೆಟಾಲ್ ಸುರುವಿದ್ಲು. ಹಳೀ ಬಣ್ಣಾ ತಗೀಲಿಕ್ಕೆ ಈ ಹುಚ್ಚರೆಲ್ಲಾ ಮಾಡೂ ಉಪಾಯ ಅದು. ನೆನೆದ ಮ್ಯಾಲೆ ಹಲ್ಲಿನ ಬ್ರಶ್‌ಲೆ ತಿಕ್ಕಿದ್ಲು. ಅಪ್ಪನ ಕೆಲಸೆಲ್ಲಾ ರಾಡಿಯಾಗಿ ಮೋರಿಗೆ ಹೋತು.

ವಾಸನಿಗೆ ಮಾಸ್ತರಿಗೆ ಎಚ್ಚರಾತು. "ಇಂದೂ, ಡೆಟಾಲ್ ಯಾಕ? ಏನಾತು?"

"ಈಳಿಗಿ ಹತ್ತಿ ಬೆರಳು ಕೊಯ್ತಪ್ಪಾ." ಅಂದಾಕೀನ ಗಡಬಡಿಸಿ ಬಟ್ಟಲಾ ಮರೀಗೆ ಸರಿಸಿ, ಬೆರಳಿಗೆ ಅರಬಿ ಸುತ್ತಿದ್ಲು. ಮಾಸ್ತರು ಓಡಿ ಬಂದ್ರು. ಆಕಿ ಸಣ್ಣಾಕಿದ್ದಾಗ ಮಾಡಿಧಂಗ ಆ ಬೆರಳು ಹಿಡಿದು ಉಫ್ ಉಫ್ ಅಂತ ಊದಿದ್ರು. "ಲಗೂ ಮಾಯ್ತದ ಬಿಡು." ಇಂದೂಗ ಭೂಮಿ ಬಾಯಿ ಬಿಡಬಾರದ ಅನಿಸ್ತು. ಆದ್ರೂ ಅವರು ಆಚೆ ಹೋದ ಮ್ಯಾಲೆ ಅದೇ ಬಣ್ಣಾ, ಅದೇ ಮಚ್ಚಿ, ನೀಟಾಗಿ ಬಳಿದ್ಲು.

ಭಾನುವಾರ "ಬ್ಯಾಡಪ್ಪಾ, ಮೆಟ್ಟಲಾ ಭಾಳ ಅವ" ಅಂತ ಹೇಳಿ ಒಬ್ಬಾಕೀನ ಹೋದ್ಲು. ಕೇಳೋರ‍್ಯಾರು! ಇಸ್ತ್ರಿ ಅಂಗಿ ಹಾಕ್ಕೊಂಡು ಮಾಸ್ತರು ಹುಬ್ಬಳ್ಳಿಗೆ ಹೋಗೂ ಚಿಗರಿ ಬಸ್ ಹತ್ತಿ ಬಂದೇ ಬಿಟ್ರು. "ನನ್ನ ಸಿಪಾಯಿಗಳು ಎಲ್ಲಿ ಅವ ರೀ?"

ಇಂದು ಅಪ್ಪನ ಹೆಸರಲೆ ತಂದಿಟ್ಟ ತುಕಡೀನ ವಿನೀತ ತೋರಿಸಿದ. "ಇವು ನಿಮ್ಮ ಕೈಯಾಗಿನವೇನ್ರಿ ಸರ್? ಏನ್ ನಾಜೂಕ ಅವ ರೀ!"

ಮಂದಿ ಸುತ್ತುವರಿದ್ರು. ಮಾಸ್ತರ ಮಾರಿ ಅರಳಿತು. ತಮ್ಮ ಕೈ ತಾವ ಹೊಳ್ಳಿಸಿ ನೋಡಿಕೊಂಡ್ರು. ಒಂದು ಸಿಪಾಯಿಯನ್ನ ಮಾಸ್ತರು ಮಾರಿ ಹತ್ತರ ತಂದ್ರು. ಮೂಗಿಗೆ ಡೆಟಾಲ್ ವಾಸನಿ ಬಡಿದದ್ದ ತಡಾ, ಕೈ ಅಲ್ಲೇ ನಿಂತಿತು. ತಿರುಗಿ ಮಗಳ ಬೆರಳು ನೋಡಿದ್ರು. ಅರಬೀನೂ ಇಲ್ಲ, ಗಾಯದ ಗುರ್ತೂ ಇಲ್ಲ.

"ಸರ್, ಒಂದು ನಮ್ಮೆದುರಿಗೆ ಮಾಡಿ ತೋರಸ್ರೆಲಾ," ಅಂತ ವಿನೀತ ಕುಂಚಾ ಮುಂದ ಹಿಡಿದ.

ಹೇಳು, ಈಗರೆ ಹೇಳು, ಅಂತ ಇಂದೂನ ಜೀವ ಒದ್ದಾಡ್ತು.

"ಇವತ್ತ ಆಗೂದಿಲ್ಲಪಾ," ಅಂದ್ರು ಮಾಸ್ತರು. "ಚಸ್ಮಾ ಮನ್ಯಾಗ ಮರ್ತು ಬಂದೇನಿ."

"ಮೂಗಿನ ಮ್ಯಾಲೇ ಅದಲ್ರಿ ಸರ್!"

ಮಂದಿ ಗೊಳ್ ಅಂತ ನಕ್ಕಿತು. ಮಾಸ್ತರೂ ಚಸ್ಮಾ ಮುಟ್ಟಿ ನೋಡಿಕೊಂಡು ನಕ್ರು. "ಅಯ್ಯ, ಇಂಥಾ ಅರಳು ಮರಳಿನಾಂವನ ಕೈಯಾಗ ಕುಂಚಾ ಕೊಡಬ್ಯಾಡ್ರಿ." ಮಂದಿ ಅಪ್ಪನ್ನ ನೋಡಿ ನಗಬಾರದು ಅಂತ ಇಷ್ಟೆಲ್ಲಾ ಮಾಡಿದಾಕಿ ತಲಿ ತಗ್ಗಿಸಿ ನಿಂತ್ಲು.

ಸಂಜೀಕ ಸ್ಕೂಟರ್ ಮ್ಯಾಲೆ ಇಬ್ರೂ ಧಾರವಾಡಕ್ಕ ಹೊಂಟ್ರು. ನವಲೂರು ದಾಟಿದ್ರು. ಆಕಿ ಹೆಗಲ ಮ್ಯಾಲಿಟ್ಟ ಅಪ್ಪನ ಕೈ ಒಂದ ಸವನ ನಡಗ್ತಿತ್ತು.

"ಇಂದೂ, ಬೆರಳು ಮಾಯ್ತೇನವಾ?"

"ಇಲ್ಲಪ್ಪಾ," ಅಂದ್ಲು ಇಂದು. ಕಣ್ಣು ತುಂಬಿ ಮುಂದ ದಾರಿ ಕಾಣಲಿಲ್ಲ, ಸ್ಕೂಟರ್ ಬಾಜೂಕ ನಿಲ್ಲಿಸಿದ್ಲು.