ಬೆಳಗಾದ ಮೇಲೆ ಹೇಳುವ ಮಾತು

ಬ್ರೆಡ್ ಮನೆಯ ಸೊಸೆಗೆ ಗಂಡನ ಮುಖ ನೋಡಿ ಮಾತಾಡುವ ಧೈರ್ಯ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಮೈದಾ ಮೂಟೆಯನ್ನು ಒಬ್ಬಳೇ ಎಳೆಯುತ್ತಿದ್ದಳು. ನಿನ್ನೆಯ ಬನ್ನು ಕೊಟ್ಟಿದ್ದೀಯ ಎಂದು ಜಗಳಕ್ಕೆ ಬಂದವರನ್ನು ಎರಡು ಮಾತಿನಲ್ಲಿ ಸಾಗಹಾಕುತ್ತಿದ್ದಳು. ಗಂಡ ಎದುರು ನಿಂತರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಬೀದಿಯವರು ಅವನನ್ನು ಕೆಂಡ ಎನ್ನುತ್ತಿದ್ದರು, ಬೆನ್ನ ಹಿಂದೆ. ಅವನು ಎಂದೂ ಕೈ ಮಾಡಿದವನಲ್ಲ. ನಾಲಿಗೆಯೇ ಸಾಕಾಗಿತ್ತು.

ಚರ್ಚಿನ ಹಿಂದಿನ ಕೋಣೆಯಲ್ಲಿ ಪಾಸ್ಟರಮ್ಮ ವಾರಕ್ಕೊಂದು ಮಧ್ಯಾಹ್ನ ಹೆಂಗಸರ ಕೂಟ ನಡೆಸುತ್ತಿದ್ದಳು. ಬೈಬಲ್ಲಿನ ಹೆಂಗಸರಿಂದ ಇಂದಿನ ಸಂಸಾರಕ್ಕೆ ಪಾಠ. ಸಾರಳದು ಮುಗಿದಿತ್ತು, ಲೇಯಳದು ಮುಗಿದಿತ್ತು. ಸೊಸೆ ನಾದಿನಿಯ ಜೊತೆ ಹೋಗುತ್ತಿದ್ದಳು. ಕೆಂಡನ ಈ ತಂಗಿ ಹಿಂದಿನ ಬೀದಿಗೇ ಮದುವೆಯಾಗಿ ಹೋದವಳು. ತಾನು ಬರುವುದು ಫ್ಯಾನಿನ ಗಾಳಿಗೆ ಎಂದು ಪಾಸ್ಟರಮ್ಮನ ಎದುರೇ ಹೇಳುತ್ತಿದ್ದಳು.

ಆ ವಾರ ಅಬೀಗೈಲಳ ಕಥೆ. ಅವಳ ಗಂಡ ನಾಬಾಲ ಒರಟ. ತನ್ನ ಕುರಿ ಕಾಯುವವರಿಗೆ ಕಾವಲಾಗಿದ್ದ, ದಂಡಿನ ನಾಯಕ ದಾವೀದನ ಜನ ಊಟ ಕೇಳಿದರೆ ಬೈದು ಅಟ್ಟಿದ. ದಾವೀದ ಕತ್ತಿ ಕಟ್ಟಿ ಹೊರಟ. ಅಬೀಗೈಲಳು ಗಂಡನಿಗೆ ತಿಳಿಸದೆ ಕತ್ತೆಗಳ ಮೇಲೆ ರೊಟ್ಟಿ ಹೇರಿಸಿ, ಎದುರು ಹೋಗಿ, ಕಾಲಿಗೆ ಬಿದ್ದು ಮನೆ ಉಳಿಸಿದಳು. ಹಿಂತಿರುಗಿದಾಗ ಗಂಡ ಕುಡಿದು ಮತ್ತನಾಗಿದ್ದ.

“ಅವಳು ಏನ್ ಮಾಡಿದ್ಳು? ಬೆಳಗಾಗೋ ತನಕ ಒಂದು ಮಾತೂ ಆಡ್ಲಿಲ್ಲ,” ಎಂದಳು ಪಾಸ್ಟರಮ್ಮ. “ಹೊತ್ತು ನೋಡಿ ಮಾತಾಡೋದು ಕಲೀರಿ ಅಮ್ಮಾ. ಅರ್ಧ ಸಂಸಾರ ಅದರಲ್ಲೇ ಉಳಿಯುತ್ತೆ.”

“ಬೆಳಿಗ್ಗೆ ಕೇಳಿದ್ಮೇಲೆ ಅವನೇನು ಮಾಡ್ದ?” ನಾದಿನಿ ಕೇಳಿದಳು.

“ಎದೆ ಒಡೆದು ಕಲ್ಲಾದ. ಕೆಲವು ದಿನಕ್ಕೆ ಸತ್ತ.”

“ಹಾಗಾದ್ರೆ ಒಳ್ಳೇ ಪಾಠಾನೇ.”

ಹೆಂಗಸರು ನಕ್ಕರು. ಸೊಸೆ ನಗಲಿಲ್ಲ. ಕಥೆ ತನ್ನದೇ ಅನ್ನಿಸಿತ್ತು.

ಹಿಂದಿನ ವಾರ ಅವರ ಬ್ರೆಡ್ ಭಟ್ಟಿಯ ಕಮಾನಿನಿಂದ ಎರಡು ಇಟ್ಟಿಗೆ ಕಳಚಿ ಬಿದ್ದಿದ್ದವು. ಭಟ್ಟಿ ಕಟ್ಟುವ ಮೇಸ್ತ್ರಿ ಬಂದು ತಲೆ ಒಳಗೆ ಹಾಕಿ ನೋಡಿ, ಹಿಂಭಾಗ ಪೂರ್ತಿ ಬಿಚ್ಚಿ ಕಟ್ಟಬೇಕು ಎಂದ. ಕೆಲಸ ಇಲ್ಲದವನು ಕೆಲಸ ಹುಟ್ಟಿಸುತ್ತಾನೆ ಎಂದು ಕೆಂಡ ಅವನ ಗಾರೆ ಮೆತ್ತುವ ಕರಣೆಯನ್ನು ಬೀದಿಗೆ ಎಸೆದಿದ್ದ. ಮೇಸ್ತ್ರಿ ಅದನ್ನು ಎತ್ತಿ ಒರೆಸಿಕೊಂಡು ಹೋಗಿದ್ದ. ಅಂದಿನಿಂದ ಬ್ರೆಡ್ ಒಂದು ಮಗ್ಗುಲು ಸುಟ್ಟು ಇನ್ನೊಂದು ಮಗ್ಗುಲು ಹಸಿಯಾಗಿ ಬರುತ್ತಿತ್ತು. ಕಮಾನು ಕುಸಿದರೆ ಅದರೊಳಗೆ ಬಗ್ಗಿರುವುದು ಗಂಡನ ತಲೆಯೇ ಎಂಬುದು ಅವಳಿಗೆ ಗೊತ್ತಿತ್ತು.

ಕೂಟದಿಂದ ಬಂದವಳೇ ಮೇಸ್ತ್ರಿಯ ಮನೆಗೆ ಹೋದಳು, ಕೈಯಲ್ಲಿ ಇದ್ದುದರಲ್ಲಿ ಚೆನ್ನಾಗಿ ಬೆಂದ ನಾಲ್ಕು ಬ್ರೆಡ್ಡು. “ಅವರ ಮಾತು ಮನಸ್ಸಿಗೆ ಹಚ್ಕೋಬೇಡಿ ಅಣ್ಣಾ. ಅವರು ಊರಲ್ಲಿಲ್ಲದ ದಿನ ಬಂದು ಕಟ್ಟಿಕೊಡಿ.”

ಕೆಂಡ ಸ್ನೇಹಿತನ ಮದುವೆಗೆಂದು ಅಂಗಡಿ ಮುಚ್ಚಿ ಬೇರೆ ಊರಿಗೆ ಹೋದ. ಭಟ್ಟಿ ಆರಿತು. ಮರುದಿನ ಮೇಸ್ತ್ರಿ ಒಳಗೆ ನುಸುಳಿ ಕಮಾನಿನ ಹಿಂಭಾಗ ಬಿಚ್ಚಿ ಕಟ್ಟಿದ. ಇಟ್ಟಿಗೆ ಕೊಟ್ಟವಳು, ಗಾರೆ ಕಲಸಿದವಳು ಅವಳೇ. ಸಂಜೆಯ ಹೊತ್ತಿಗೆ ಅವಳ ತೋಳು ಮೇಲೇಳುತ್ತಿರಲಿಲ್ಲ.

“ಒಂದು ವಾರ ಬರೀ ಚಕ್ಕೆಯ ಸಣ್ಣ ಬೆಂಕಿ ಹಾಕಿ,” ಎಂದ ಮೇಸ್ತ್ರಿ. “ದೊಡ್ಡ ಬೆಂಕಿ ಹಾಕಿದ್ರೆ ಗಾರೆಯೊಳಗಿನ ನೀರು ಆವಿಯಾಗಿ ಇಟ್ಟಿಗೆ ಸಿಡಿಯುತ್ತೆ. ಗುಂಡು ಹೊಡೆದ ಹಾಗೆ. ಯಜಮಾನ್ರು ಬಂದ ತಕ್ಷಣ ಹೇಳ್ಬಿಡಿ.”

“ಹೇಳ್ತೀನಿ.”

ಅವನು ಹೋದ ಮೇಲೆ ಭಟ್ಟಿಯ ಬಾಯಿಯ ಹತ್ತಿರ ಬಿರುಕಿಗೆ ಮೆತ್ತಿದ್ದ ಹೊಸ ಗಾರೆ ಬೆಳ್ಳಗೆ ಕಾಣುತ್ತಿತ್ತು. ತಾನು ಹೇಳುವ ಮೊದಲೇ ಗಂಡ ನೋಡಿದರೆ ಎಂದು ಒದ್ದೆ ಬಟ್ಟೆಯನ್ನು ಮಸಿಯಲ್ಲಿ ಅದ್ದಿ ಬಳಿದಳು. ಅಷ್ಟರಲ್ಲಿ ನಾದಿನಿ ಬಂದಳು.

“ಇದೇನು ಅತ್ತಿಗೆ, ಕಳ್ಳತನ ಮಾಡ್ದವಳ ಥರ?”

“ಕುಡ್ಕೊಂಡು ಬರ್ತಾರೆ. ಬೆಳಿಗ್ಗೆ ಹೇಳ್ತೀನಿ.”

“ಇವತ್ತೇ ಹೇಳು. ಅಣ್ಣ ಬೈತಾನೆ, ಬೈಲಿ. ಬೈಗುಳ ಏನು ಮೈಗೆ ಮೆತ್ಕೊಳುತ್ತಾ?”

“ನಿನಗೇನು, ನಿನ್ನ ಗಂಡ ಬಾಯಿ ಇಲ್ಲದವನು.”

“ಇದೆ. ನಾನು ಸರದಿ ಕೊಟ್ಟಿಲ್ಲ ಅಷ್ಟೆ,” ಎಂದು ನಾದಿನಿ ತನ್ನ ಮನೆಗೆ ಹೋದಳು.

ಕೆಂಡ ಕತ್ತಲಾಗುವ ಹೊತ್ತಿಗೆ ಬಂದ. ಕುಡಿದಿದ್ದ, ಆದರೆ ಅಪರೂಪಕ್ಕೆ ಖುಷಿಯಲ್ಲಿದ್ದ. ಜೇಬಿನಿಂದ ಮದುವೆಮನೆಯ ಸಿಹಿಯನ್ನು ತೆಗೆದು ಅವಳ ಅಂಗೈಗೆ ಇಟ್ಟ. ಅದು ಅವನ ಮೈಶಾಖಕ್ಕೆ ಕರಗಿ ಕಾಗದಕ್ಕೆ ಅಂಟಿತ್ತು.

“ಯಾಕೇ, ಮುಖ ಹಿಟ್ಟಾಗಿದೆ?”

ಹೇಳಬಹುದಿತ್ತು. ಅವನು ನಗುತ್ತಿದ್ದ. ಆ ನಗು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಬೆಳಗಾಗಲಿ ಎಂದುಕೊಂಡಳು.

“ಏನಿಲ್ಲ ರೀ. ಮೈ ಕೈ ನೋವು.”

“ಮಲಗು ಹೋಗು.”

ಅಬೀಗೈಲಳ ಗಂಡನಿಗೆ ಕುರಿಗಳಿದ್ದವು. ಅವನು ಸೂರ್ಯ ಬಂದ ಮೇಲೆ ಎದ್ದರೂ ನಡೆಯುತ್ತಿತ್ತು. ಬ್ರೆಡ್ ಸುಡುವವನ ಬೆಳಗು ಕತ್ತಲಲ್ಲಿ ಶುರುವಾಗುತ್ತದೆ. ಇದು ಸೊಸೆಗೆ ತಿಳಿಯದ ಸಂಗತಿಯಲ್ಲ. ದಿನವೂ ಅವನೇ ಅವಳನ್ನು ಎಬ್ಬಿಸುತ್ತಿದ್ದ. ಎದ್ದ ಕೂಡಲೇ ಹೇಳುವುದೆಂದು ಲೆಕ್ಕ ಹಾಕಿದ್ದಳು. ಆ ದಿನ ಅವನು ಎಬ್ಬಿಸಲಿಲ್ಲ. ಮೈ ಕೈ ನೋವು ಎಂದಿದ್ದಳಲ್ಲ, ಮಲಗಿಕೊಳ್ಳಲಿ ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಕೆಳಗಿಳಿದ. ಎರಡು ದಿನ ಆರಿದ ಭಟ್ಟಿ, ಬೇಗ ಕಾಯಲಿ ಎಂದು ಸೌದೆ ತುಂಬಿ ಹೊತ್ತಿಸಿದ.

ಅವಳಿಗೆ ಎಚ್ಚರವಾದದ್ದು ಹೊಗೆಯ ವಾಸನೆಗೆ. ಪಕ್ಕದಲ್ಲಿ ಹಾಸಿಗೆ ಖಾಲಿ. ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ಕೆಂಡ ಕೈಯಲ್ಲಿ ಕೊಕ್ಕೆ ಹಿಡಿದು ಭಟ್ಟಿಯ ಬಾಯಿಗೆ ಕಿವಿಗೊಟ್ಟು ನಿಂತಿದ್ದ.

“ಇಲ್ಲಿ ಬಾ. ಒಳಗೇನೋ ಟಪ್ ಟಪ್ ಅಂತಿದೆ, ಕೇಳು.”

ಅವಳು ಅವನ ಮುಖವನ್ನೇ ನೋಡಿದಳು. “ಈಚೆ ಬನ್ನಿ. ಗಾರೆ ಹಸಿ ಇದೆ. ನಾನೇ ಮೇಸ್ತ್ರಿ ಕರೆಸಿ ಕಟ್ಟಿಸ್ದೆ. ಮೊದಲು ಈಚೆ ಬನ್ನಿ.”

“ಯಾವ ಗಾರೆ?” ಎಂದು ಅವನು ಒಳಗೆ ಬಗ್ಗಿ ನೋಡಿದ.

ಪಾಸ್ಟರಮ್ಮ ಆಸ್ಪತ್ರೆಗೆ ಬಂದಳು. ಪ್ರಾರ್ಥನೆ ಮಾಡಿದಳು, ಯಾರ ಕಥೆಯನ್ನೂ ಹೇಳಲಿಲ್ಲ. ಕೆಂಡ ಬದುಕಿದ. ಗಾಯ ಮಾಗಿ ಮನೆಗೆ ಬಂದ ಮೇಲೆ ಬೈಯಲಿಲ್ಲ. ಹೆಂಡತಿಯ ಜೊತೆ ಮಾತನ್ನೇ ಆಡಲಿಲ್ಲ. ಹೋದದ್ದು ಇಷ್ಟು: ಭಟ್ಟಿಯ ಕಮಾನು, ಮೇಸ್ತ್ರಿಗಿದ್ದ ಹೆಸರು, ಗಂಡನ ಎರಡು ಕಣ್ಣು.